ಅತ್ತೆ ಕುಳಿತ ಕಲ್ಲು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಶಕುನ ಇವು ಯಾವುವನ್ನೂ ನಾನು ನಂಬಿದವಳಲ್ಲ. ಶಹಾಬಾದಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಿಂಬೆಹಣ್ಣು ಕೊಯ್ದರೆ ರಕ್ತ ಬರುವ ಆಟವನ್ನು ಪ್ರತಿ ವರ್ಷ ಹುಡುಗರ ಮುಂದೆ ನಾನೇ ಆಡಿ ತೋರಿಸಿ, ಚಾಕುವಿಗೆ ಮೊದಲೇ ಏನು ಹಚ್ಚಿದ್ದೆ ಎಂಬುದನ್ನೂ ಹೇಳಿ ನಗಿಸುತ್ತೇನೆ. ಸೇಡಂನಲ್ಲಿರುವ ನನ್ನ ಚಿಕ್ಕಮ್ಮ ಒಮ್ಮೆ, ಹಿತ್ತಲ ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆದರು ಎಂದು ಹೇಳಿದಾಗ, "ಬಾವ್ಯಾಗಿನ ಕಪ್ಪಿಗಿ ನಿನ್ನ ಹೆಸರು ಯಾರು ಹೇಳಿಕೊಟ್ರು ಚಿಗವ್ವಾ?" ಎಂದು ಕೇಳಿದ್ದೆ. ಆಕೆ ಆ ದಿನ ನನಗೆ ಚಹಾ ಕೊಡಲಿಲ್ಲ. ಹೀಗಾಗಿ ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಸಿಟ್ಟಿಲ್ಲ. ಮಾಡಿದ್ದುಣ್ಣೇ ಮಾರಾಯ್ತಿ ಎಂದು ಸುಮ್ಮನಾಗುತ್ತೇನೆ.

ನಮ್ಮ ಮನೆ ಭಂಕೂರದಲ್ಲಿದೆ. ಮಗಳು ಮದುವೆಯಾಗಿ ಕಾಳಗಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು. ನಾನು, ನಮ್ಮ ಮನೆಯವರು ಶಿವರಾಜ, ಮತ್ತು ಅವರ ತಾಯಿ ನೀಲಮ್ಮ. ಮನೆಯವರದು ಫರಸಿ ಹಾಸುವ ಕೆಲಸ. ನಮ್ಮ ಕಡೆ ನೆಲಕ್ಕೆ ಹಾಸುವ ಕಲ್ಲಿಗೆ ಫರಸಿ ಎನ್ನುತ್ತೇವೆ. ಒರಟು ಮುಖ ಕೆಳಗೆ, ನುಣ್ಣನೆಯ ಮುಖ ಮೇಲೆ, ಇದು ಅವರ ಕಸುಬಿನ ಮೊದಲ ಪಾಠ. ಅದು ಅವರ ಕೈಗೆ ಎಷ್ಟು ರೂಢಿಯಾಗಿದೆ ಎಂದರೆ, ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕುಳಿತರೂ ಕಾಲ ಬಳಿ ಬಿದ್ದ ಚಪ್ಪಟೆ ಕಲ್ಲನ್ನು ಮಗುಚಿ ನೋಡುತ್ತಾರೆ. ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ನನ್ನ ಮುಖಕ್ಕಿಂತ ನಮ್ಮಪ್ಪನ ಮನೆಯ ನೆಲವನ್ನೇ ಹೆಚ್ಚು ಹೊತ್ತು ನೋಡಿದ್ದರು ಎಂದು ಈಗಲೂ ಕಾಡಿಸುತ್ತೇನೆ.

ಅತ್ತೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ಅವರ ಓದುವ ಕಣ್ಣು ನಾನೇ. ನನ್ನನ್ನು ಹೆಸರಿನಿಂದ ಕರೆದದ್ದು ಕಡಿಮೆ, ಟೀಚರಮ್ಮನಿಗೆ ನಮ್ಮ ಕಡೆ ಹೇಳುವಂತೆ "ಅಕ್ಕೋರೇ" ಎಂದೇ ಚೇಷ್ಟೆಯಿಂದ ಕರೆಯುತ್ತಿದ್ದರು. ಹೊಸ ಗುಳಿಗೆ ತಂದರೆ, "ಅಕ್ಕೋರೇ, ಇದು ಉಣ್ಣಾಕಿಂತ ಮೊದಲೋ ಆಮ್ಯಾಲೋ?" ಎಂದು ಕೇಳುವರು. ಅಂಗಡಿಯ ಬಿಸ್ಕೀಟ್ ಪೊಟ್ಟಣವನ್ನು ನನ್ನ ಮುಂದೆ ಹಿಡಿದು, "ತತ್ತಿ ಹಾಕ್ಯಾರೇನು ನೋಡು," ಎನ್ನುವರು. ನಾನು ಹಸಿರು ಚುಕ್ಕೆ ನೋಡಿ "ಇಲ್ರಿ ಅತ್ತಿ, ತಿನ್ರಿ," ಎಂದರೆ ಮುಗಿಯಿತು, ಮತ್ತೆ ಇನ್ನೊಬ್ಬರನ್ನು ಕೇಳುವ ಪ್ರಶ್ನೆಯೇ ಇಲ್ಲ. ಸಕ್ಕರೆ ಡಬ್ಬಿಯಲ್ಲಿ ಇರುವೆ ಕಂಡರೆ ಸಕ್ಕರೆಯ ಸಮೇತ ಅಂಗಳಕ್ಕೆ ಒಯ್ದು ಚೆಲ್ಲುವ ಹೆಂಗಸು ಆಕೆ. ದಿನಾ ನಸುಕಿನಲ್ಲಿ ಸ್ನಾನ ಮಾಡಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡು ಪೂಜೆ ಮುಗಿಸದ ಹೊರತು ಒಂದು ತುತ್ತು ಬಾಯಿಗೆ ಹಾಕುವುದಿಲ್ಲ. ಶುಗರ್ ಇದೆ, ಔಷಧಿಗೆ ದೋಷವಿಲ್ಲ ಎಂದು ಗುಳಿಗೆಯೊಂದನ್ನು ಮಾತ್ರ ಪೂಜೆಗೆ ಮೊದಲೇ ನುಂಗುತ್ತಾರೆ, ನುಂಗಿದ ಮೇಲೆ ಬೇಗ ಉಣ್ಣಲೇಬೇಕು. ಇದನ್ನು ನೀವು ನೆನಪಿನಲ್ಲಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕೆಲವು ವರ್ಷಗಳ ಹಿಂದೆ, ದಸರಾ ರಜೆಯಲ್ಲಿ, ಸೀಗಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಓಣಿಯ ಎರಡು ಮೂರು ಮನೆಯವರು ಸೇರಿ ಒಂದು ಟೆಂಪೋ ಮಾಡಿಕೊಂಡು ಗೋಕರ್ಣ, ಹೊನ್ನಾವರದ ಕಡೆ ಹೊರಟೆವು. ಅತ್ತೆಯವರು ಅಲ್ಲಿಯವರೆಗೆ ಸಮುದ್ರ ನೋಡಿದವರಲ್ಲ. ಅವರ ಪಾಲಿಗೆ ದೊಡ್ಡ ನೀರೆಂದರೆ ಮಳೆಗಾಲದ ಕಾಗಿಣಾ ಹೊಳೆ. "ಕಾಗಿಣಾಕಿಂತ ದೊಡ್ಡದೇನು?" ಎಂದು ದಾರಿಯುದ್ದಕ್ಕೂ ಕೇಳಿದರು. ನಾನು ನನ್ನ ಪಾಠ ಶುರು ಮಾಡಿದೆ. ನಾವು ಮನೆಯಲ್ಲಿ ತುಳಿಯುವ ಫರಸಿ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು, ಮೀನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಸಮುದ್ರ, ಕೆಲವು ಫರಸಿಯ ಮೇಲೆ ಅಲೆಯ ಗೆರೆ ಇನ್ನೂ ಕಾಣುತ್ತದೆ ಎಂದೆ. ಅತ್ತೆ ನಂಬಿದರು. ನಾನು ಹೇಳಿದೆನಲ್ಲ, ಅದಕ್ಕೇ ನಂಬಿದರು. ಮನೆಯವರು ಮಾತ್ರ, "ಹಂಗಿದ್ರ ನಾ ಇಷ್ಟು ವರ್ಷ ಸಮುದ್ರ ಹಾಸಾಕತ್ತೀನಿ ಅನ್ನು," ಎಂದು ನಕ್ಕರು.

ನಾವು ಕಡಲ ದಂಡೆ ಮುಟ್ಟಿದ್ದು ಬೆಳಗು ಹರಿಯುವ ಹೊತ್ತಿಗೆ. ದಾರಿಯಲ್ಲಿ ಒಂದು ಛತ್ರದಲ್ಲಿ ಎಲ್ಲರ ಸ್ನಾನವಾಗಿತ್ತು. ಅತ್ತೆಯ ಪೂಜೆ ಮಾತ್ರ ಬಾಕಿ. ಮರಳಿನ ಕಡೆ ಮೀನು ಒಣಹಾಕಿದ್ದರು, ಆ ವಾಸನೆಗೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಹೀಗಾಗಿ ದಂಡೆಯ ಕೊನೆಗೆ, ಬಂಡೆಗಳಿದ್ದ ಕಡೆಗೆ ನಡೆದೆವು. ಹುಣ್ಣಿಮೆಯ ಇಳಿತ. ನೀರು ಬಹಳ ದೂರ ಹಿಂದೆ ಸರಿದು, ಉಳಿದ ದಿನಗಳಲ್ಲಿ ಮುಳುಗಿಯೇ ಇರುವ ಕಲ್ಲುಗಳೆಲ್ಲ ಬಯಲಾಗಿದ್ದವು. ನನಗಂತೂ ಹಬ್ಬ! ಇಷ್ಟು ವರ್ಷ ಪುಸ್ತಕದ ಚಿತ್ರದಲ್ಲಿ ತೋರಿಸಿದ್ದು ಕಣ್ಣೆದುರಿಗಿತ್ತು. ಕಲ್ಲಿನ ಮೈತುಂಬ ಚೂಪಾದ ಬಿಳಿ ಚಿಪ್ಪು, ಅದರ ಸಂದಿಯಲ್ಲಿ ಬಸವನಹುಳು, ನಿಂತ ನೀರಿನ ಕುಳಿಯಲ್ಲಿ ಮುಟ್ಟಿದರೆ ಮುದುಡುವ ಹೂವಿನಂಥ ಜೀವ. ಒಂದು ಸಣ್ಣ ಕಲ್ಲನ್ನೆತ್ತಿ ಅಡಿಯ ಏಡಿಯನ್ನು ತೋರಿಸಿದೆ. ತೋರಿಸಿ, ಕಲ್ಲನ್ನು ಇದ್ದ ಹಾಗೆಯೇ ತಿರುಗಿ ಇಟ್ಟು, "ನೋಡ್ರಿ, ಎತ್ತಿದ ಕಲ್ಲು ಹೊಳ್ಳಿ ಹಂಗೇ ಇಡಬೇಕು. ಮ್ಯಾಲಿನ ಜೀವಕ್ಕ ಬಿಸಿಲು ಗಾಳಿ ಬೇಕು, ಕೆಳಗಿನ ಜೀವಕ್ಕ ನೆರಳು ತಂಪು ಬೇಕು. ಮಗುಚಿ ಬಿಟ್ರ ಎರಡೂ ಸಾಯ್ತಾವ," ಎಂದು ಗಟ್ಟಿಯಾಗಿ ಹೇಳಿದೆ. ಇದನ್ನು ಹೇಳಿದವಳು ನಾನೇ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅತ್ತೆ ಆಗಲೇ ಗುಳಿಗೆ ನುಂಗಿದ್ದರು. ಕೂರಲು ಮಟ್ಟಸವಾದ ಜಾಗವಿರಲಿಲ್ಲ. ಬರಿಗಾಲಿಗೆ ಚಿಪ್ಪು ಚುಚ್ಚಿ "ಅವ್ವಾ" ಎಂದರು. "ಜರಾ ತಡಿಬೇ, ಈಗ ಮಾಡಿಕೊಡ್ತೀನಿ," ಎಂದು ಮನೆಯವರು ಪ್ಯಾಂಟು ಮಡಚಿದರು. ನಾನು ಅತ್ತೆಯ ಪೂಜೆಯ ಚೀಲ ತರಲು ಟೆಂಪೋದ ಕಡೆ ಹೋದೆ. ತಿರುಗಿ ಬರುವಷ್ಟರಲ್ಲಿ ಆ ಮಹಾರಾಯರು ಓಣಿಯ ಗಂಡಸರನ್ನು ಕೂಡಿಸಿಕೊಂಡು ಅಗಲವಾದ ಚಪ್ಪಟೆ ಕಲ್ಲುಗಳನ್ನೆಲ್ಲ ಎಬ್ಬಿಸಿ ತಂದು, ಸಂದಿಗೆ ಸಂದಿ ಕೂಡಿಸಿ, ಚೆಂದದ ಒಂದು ಕಟ್ಟೆ ಹಾಸಿಬಿಟ್ಟಿದ್ದರು. ಒರಟು ಮುಖ ಕೆಳಗೆ, ನುಣ್ಣನೆಯ ಮುಖ ಮೇಲೆ! ಚಿಪ್ಪಿದ್ದ ಮುಖವೆಲ್ಲ ಮಗುಚಿ ಅಡಿಗೆ ಹೋಗಿತ್ತು. ಅಡಿಯಲ್ಲಿದ್ದ ನುಣ್ಣನೆಯ ಮುಖ ಆಕಾಶ ನೋಡುತ್ತಿತ್ತು. ಅದರ ಮೇಲಿನ "ಹೊಲಸು" ತೆಗೆಯಲು ಟೆಂಪೋದ ಕಬ್ಬಿಣದ ಪಟ್ಟಿ ಹಿಡಿದು ಕೆರೆಯುತ್ತಿದ್ದರು. ಬೇರೆ ಯಾವ ಊರಿನವರೂ ಇಂಥ ಕೆಲಸ ಮಾಡುತ್ತಿರಲಿಲ್ಲ. ಒಂದು ಚಾಪೆ ಹಾಸಿ ಕೂಡಿಸುತ್ತಿದ್ದರು, ಅಷ್ಟೇ. ನಮ್ಮವರಿಗೆ ಕಲ್ಲು ಕಂಡರೆ ಕೈ ಕೇಳುವುದಿಲ್ಲ.

ನಡುವಿನ ದೊಡ್ಡ ಕಲ್ಲು ಅತ್ತೆ ಕೂರುವುದು. ಅದನ್ನು ಇನ್ನೂ ಕೆರೆದಿರಲಿಲ್ಲ. ಅದರ ಮೇಲೆ ಅಂಗೈಯಗಲದ ಒಂದು ತೇಪೆ ಮಿಣಮಿಣ ಹೊಳೆಯುತ್ತಿತ್ತು. ಅತ್ತೆ ಬಗ್ಗಿ ನೋಡಿ ನನ್ನನ್ನು ಕರೆದರು.

"ಅಕ್ಕೋರೇ, ಏನವ್ವ ಇದು? ನೆನೆಸಿದ ಸಾಬೂದಾಣಿ ಚೆಲ್ಲಿದಂಗ ಅದ. ಒಳಗ ಕಣ್ಣಿದ್ದಂಗ ಕಾಣ್ತಾವ ನೋಡು."

ಕಣ್ಣಿದ್ದಂತೆ ಅಲ್ಲ, ಅವು ಕಣ್ಣೇ. ಮೀನಿನ ತತ್ತಿ. ಇನ್ನೇನು ಒಡೆಯುವ ಹಂತದ ತತ್ತಿ, ಪ್ರತಿ ಕಾಳಿನೊಳಗೂ ಒಂದು ಜೋಡಿ ಕರಿ ಚುಕ್ಕೆ. ಕೆಲವು ಜಾತಿಯ ಮೀನು ಕಲ್ಲಿನ ಅಡಿಗೆ ತತ್ತಿ ಅಂಟಿಸುತ್ತವೆ, ಗಂಡು ಮೀನು ಅಲ್ಲೇ ಉಳಿದು ಕಾಯುತ್ತದೆ. ನನಗೆ ಇದು ಗೊತ್ತಿತ್ತು. ಕಟ್ಟೆಯ ಮಗ್ಗುಲಲ್ಲೇ, ಆ ಕಲ್ಲು ಎಬ್ಬಿಸಿದ ಜಾಗದಲ್ಲಿ ಒಂದಿಷ್ಟು ನೀರು ಉಳಿದಿತ್ತು, ಆ ನೀರಿನಲ್ಲಿ ಬೆರಳುದ್ದದ, ದಪ್ಪ ತಲೆಯ ಕಂದು ಮೀನು ಇತ್ತು. ಅಲ್ಲಿಂದ ಜಿಗಿದು ಕಟ್ಟೆಯ ಕಲ್ಲಿಗೆ ಬಂದು ಬಡಿಯುತ್ತಿತ್ತು. ಟಪ್. ಜಾರಿ ನೀರಿಗೆ ಬೀಳುತ್ತಿತ್ತು. ಮತ್ತೆ ಟಪ್. ಅದನ್ನೂ ನಾನು ನೋಡಿದೆ.

ಏನು ಹೇಳಬೇಕಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಹೇಳಿದ್ದರೆ ಅತ್ತೆ ಅಲ್ಲಿ ಕೂರುತ್ತಿರಲಿಲ್ಲ. ಎಲ್ಲ ಕಲ್ಲನ್ನೂ ಇದ್ದಲ್ಲಿಗೆ ಇಡಿಸುತ್ತಿದ್ದರು. ಇನ್ನೊಂದು ಜಾಗ ಹುಡುಕಬೇಕು, ಪೂಜೆ ತಡ, ಗುಳಿಗೆ ನುಂಗಿದ ಹೊಟ್ಟೆ ಖಾಲಿ. ಅತ್ತೆಯ ಆರೋಗ್ಯಕ್ಕಾಗಿಯೇ ಸುಮ್ಮನಾದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರಾ ಖರೆ ಅಲ್ಲ. ನನಗೂ ಹಸಿದಿತ್ತು. ಹಿಂದೆ ನಿಂತಿದ್ದ ಹೆಂಗಸರಲ್ಲಿ ಒಬ್ಬಾಕೆ, "ಇವರ ಸಾಲಿ ಇಲ್ಲೂ ಶುರುವಾತು," ಎಂದು ಆಗಲೇ ಕಿಸಕ್ಕನೆ ನಕ್ಕಿದ್ದಳು. ರೊಟ್ಟಿ ಗಂಟು ಬಿಚ್ಚಲು ಎಲ್ಲರೂ ಕಾಯುತ್ತಿದ್ದರು.

"ಪಾಚಿರಿ ಅತ್ತಿ. ಸಮುದ್ರದ ಪಾಚಿ ಹಂಗೇ ಇರ್ತದ. ಕುಂದ್ರಿ," ಎಂದೆ.

"ಪಾಚೀನಾ?" ಎಂದು ಒಮ್ಮೆ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಮನೆಯವರು ಪಟ್ಟಿಯಿಂದ ಒಂದೇ ಸಲ ಕೆರೆದು ನೀರು ಸುರಿದರು. ಅತ್ತೆ ಕೂತು, ಹಣೆಗೆ ವಿಭೂತಿ ಧರಿಸಿ, ಸಮುದ್ರಕ್ಕೆ ಮುಖ ಮಾಡಿ ಪೂಜೆ ಮಾಡಿದರು. ಆ ದಿನ ಅವರ ಮುಖದಲ್ಲಿದ್ದ ಕಳೆ ಮುಂದೆಂದೂ ಕಾಣಲಿಲ್ಲ. ಎಲ್ಲರೂ ಶೇಂಗಾಹಿಂಡಿ, ರೊಟ್ಟಿ, ಮೊಸರು ಉಂಡೆವು. ನೀರು ಏರುವ ಮೊದಲೇ ಬಿಸಿಲು ಏರಿತು. ಕಟ್ಟೆ ಹಾಗೆಯೇ ಬಿಟ್ಟು ಹೊರಟೆವು. ಚೆಂದ ಆಗಿದೆ, ಇರಲಿ, ಬರುವ ಮಂದಿಗೆ ಕೂರಲು ಆಗುತ್ತದೆ ಎಂದರು ಮನೆಯವರು. ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಆ ಮೀನು ಇನ್ನೂ ಅಲ್ಲೇ ಇರುತ್ತದೆ ಎಂಬ ಅಳುಕು.

ಊರಿಗೆ ಬಂದು ಒಂದು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅತ್ತೆ ದೇವರ ಕೋಣೆಯಿಂದ ಕರೆದರು. ತಾವು ದಿನಾ ಕೂರುವ ಫರಸಿ ಒದ್ದೆಯಾಗಿದೆ ಎಂದರು. ನಿನ್ನೆಯ ಪೂಜೆಯ ನೀರು ಇರಬೇಕು ಎಂದು ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಒದ್ದೆ. ಸುತ್ತಲಿನ ಫರಸಿಗಳೆಲ್ಲ ಒಣಗಿವೆ, ಅದೊಂದೇ ಬೆವರಿದ ಹಣೆಯ ಹಾಗೆ ಹನಿಗಟ್ಟಿದೆ. ಅತ್ತೆ ಅಂಚಿನಲ್ಲಿ ನಿಂತು, ಒಣಗುವವರೆಗೂ ಕಾದರು. ಒಣಗುವ ಹೊತ್ತಿಗೆ ಮಧ್ಯಾಹ್ನ. ಆಮೇಲೆ ಪೂಜೆ, ಆಮೇಲೆ ಊಟ.

ಮರುದಿನವೂ ಹಾಗೆಯೇ, ಆದರೆ ಸ್ವಲ್ಪ ತಡವಾಗಿ. ಅದರ ಮರುದಿನ ಇನ್ನೂ ತಡವಾಗಿ. ಮನೆಯವರು, "ಇದು ಸವುಳು ಅದ. ನೆಲದಾಗಿನ ಉಪ್ಪು ನೀರು ಏರ್ಲಿಕತ್ತದ," ಎಂದರು. ನಾನೂ ಹೌದೆಂದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಸವುಳು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟು ನೋಡಿದೆ, ಉಪ್ಪೇ. ಆದರೆ ನಮ್ಮ ಬೋರ್‌ವೆಲ್ ನೀರಿನ ಉಪ್ಪು ನನ್ನ ನಾಲಿಗೆಗೆ ಗೊತ್ತು, ದಿನಾ ಅದರಲ್ಲೇ ಬೇಳೆ ಬೇಯದೆ ಒದ್ದಾಡುವವಳು ನಾನು. ಇದು ಆ ಉಪ್ಪಲ್ಲ. ಇದಕ್ಕೆ ಒಂದು ವಾಸನೆಯಿತ್ತು. ಆ ವಾಸನೆಗೆ ಅತ್ತೆ ಸೆರಗು ಮೂಗಿಗೆ ಒಯ್ದದ್ದನ್ನು ನಾನು ನೋಡಿ, ನೋಡದ ಹಾಗೆ ಹೊರಗೆ ಹೋದೆ.

ಮತ್ತೆ ಕೆಲವು ದಿನ ಬೆಳಗಿನ ಹೊತ್ತು ಕಲ್ಲು ಒಣಗಿರುತ್ತಿತ್ತು. ಹೊತ್ತೇರಿದ ಮೇಲೆ ಬೆವರಿದರೂ ಅಷ್ಟರಲ್ಲಿ ಪೂಜೆ ಮುಗಿದಿರುತ್ತಿತ್ತು. ಆ ದಿನಗಳಲ್ಲಿ ಮನೆಯವರು ಆ ಫರಸಿಯನ್ನು ಎಬ್ಬಿಸಿ ನೋಡಿದರು. ಕೆಳಗಿನ ಮಣ್ಣು ಬೂದಿಯಂತೆ ಒಣಗಿತ್ತು. ಪೈಪಿಲ್ಲ, ಬಿರುಕಿಲ್ಲ, ಗೂಡಿಲ್ಲ. ಹಳೆಯದನ್ನು ಹೊರಗೆ ಹಾಕಿ, ಪಾಲಿಶ್ ಮಾಡಿದ ಹೊಸ ಫರಸಿ ತಂದು ಕೂಡಿಸಿದರು. ವಾರ ತಿರುಗಿತು. ಹೊಸ ಫರಸಿಯೂ ಪೂಜೆಯ ಹೊತ್ತಿಗೆ ಸರಿಯಾಗಿ ಒದ್ದೆಯಾಯಿತು. ಅತ್ತೆ ಪಡಸಾಲೆಗೆ ಬಂದು ಕೂತರು. ಎರಡು ದಿನ ನೆಟ್ಟಗಿತ್ತು. ಮೂರನೆಯ ದಿನ ದೇವರ ಕೋಣೆಯ ಕಲ್ಲು ಒಣಗಿ, ಪಡಸಾಲೆಯಲ್ಲಿ ಅವರು ಕೂರುವ ಕಲ್ಲು ಬೆವರಿತು.

ಮಣೆ ಹಾಕಿಕೊಡುತ್ತೇನೆ, ಅದರ ಮೇಲೆ ಕೂರಿ ಎಂದು ಮನೆಯವರು ಅಂಗಲಾಚಿದರು. ಅತ್ತೆ ಒಪ್ಪಲಿಲ್ಲ. "ಮುಚ್ಚಿ ಮ್ಯಾಲ ಕುಂತ್ರ ಲಿಂಗಕ್ಕ ಕಾಣಂಗಿಲ್ಲೇನೋ ಶಿವ್ಯಾ? ನನ್ನಿಂದ ಏನೋ ತಪ್ಪಾಗ್ಯಾದ. ಅದಕ್ಕೇ ಬ್ಯಾಡ ಅಂತದ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರೇ, ನೀ ಓದಿದಾಕಿ, ನೀ ಹೇಳು. ನಾ ಏನು ಮಾಡೀನಿ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಹೆಗಲ ಮೇಲೆಯೇ ಇತ್ತು. "ನೀವೇನೂ ಮಾಡಿಲ್ರಿ ಅತ್ತಿ, ಇದು ಸವುಳು," ಎಂದೆ. ಎರಡನೆಯ ಸಲ.

ಅತ್ತೆ ನೆನಪಿನ ಗಂಟು ಬಿಚ್ಚಿ ತಪ್ಪು ಹುಡುಕತೊಡಗಿದರು. ಎಂದೋ ಜಗಳಾಡಿ ಮಾತು ಬಿಟ್ಟ, ವಾಡಿ ಊರಿನ ನೆಗೆಣ್ಣಿಯ, ಅಂದರೆ ಓರಗಿತ್ತಿಯ, ಮನೆಗೆ ಹೋಗಿ ಕೈಮುಗಿದು ಬಂದರು. ಸಣ್ಣವಳಿದ್ದಾಗ ಬೆಕ್ಕಿನ ಮೇಲೆ ಬಿಸಿನೀರು ಎರಚಿದ್ದನ್ನು ಹೇಳಿಕೊಂಡು ಅತ್ತರು. ನಾನು ಅದನ್ನೆಲ್ಲ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಈ ನಡುವೆ ಒಂದು ದಿನ ಶಾಲೆಯಲ್ಲಿ ಬಿಡುವಿನ ಹೊತ್ತು, ಸುಮ್ಮನೆ ಒಂದು ಅನುಮಾನಕ್ಕೆ, ಮೊಬೈಲಿನಲ್ಲಿ ಆ ಕರಾವಳಿಯ ಉಬ್ಬರ ಇಳಿತದ ಹೊತ್ತು ತೆಗೆದು ನೋಡಿದೆ. ಉಬ್ಬರ ದಿನದಿಂದ ದಿನಕ್ಕೆ ತಡವಾಗುತ್ತಾ ಹೋಗುತ್ತದೆ ಎಂಬುದನ್ನು ನಾನೇ ಪಾಠ ಮಾಡುತ್ತೇನೆ. ಅಲ್ಲಿ ನೀರು ಏರುವ ಹೊತ್ತಿಗೆ ನಮ್ಮ ಮನೆಯ ಕಲ್ಲು ಒದ್ದೆಯಾಗುತ್ತಿತ್ತು. ಅಲ್ಲಿ ಇಳಿದಾಗ ಇಲ್ಲಿ ಒಣಗುತ್ತಿತ್ತು. ಮೊಬೈಲನ್ನು ಪರ್ಸಿನೊಳಗೆ ಹಾಕಿ ಆ ದಿನ ಪಾಠ ಮಾಡದೆ ಹುಡುಗರಿಗೆ ಓದಿಕೊಳ್ಳಲು ಹೇಳಿದೆ.

ಆ ಭಾನುವಾರ ಅತ್ತೆ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದರು. ಗುಳಿಗೆ ನುಂಗಿ, ಕಲ್ಲು ಒಣಗಲಿ ಎಂದು ಕಾದು ಕಾದು ಶುಗರ್ ಇಳಿದಿತ್ತು. ಬಾಯಿಗೆ ಸಕ್ಕರೆ ನೀರು ಬಿಟ್ಟೆವು. ಶಹಾಬಾದಿನಿಂದ ಡಾಕ್ಟರನ್ನು ಕರೆತಂದದ್ದಾಯಿತು. ಡಾಕ್ಟರು ಮನೆಯವರನ್ನು ಆಚೆ ಕರೆದು, "ಹಿಂಗ ಉಪವಾಸ ಕುಂತ್ರ ಮುಂದಿನ ಸಲ ಏಳಂಗಿಲ್ಲ ನೋಡ್ರಿ," ಎಂದು ಸಿಟ್ಟಿನಿಂದಲೇ ಹೇಳಿದರು. ಮನೆಯವರು ಡಾಕ್ಟರನ್ನು ಶಹಾಬಾದಿಗೆ ಮುಟ್ಟಿಸಿ ಔಷಧಿ ತರಲು ಹೋದರು. ಅತ್ತೆ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಚ್ಚರವಾದ ಮೇಲೂ ಅನ್ನ ಮುಟ್ಟಿರಲಿಲ್ಲ. ಬಾಯಿಗೆ ಬಿಟ್ಟ ಸಕ್ಕರೆ ನೀರಿಗೂ, ಪೂಜೆಯಿಲ್ಲದೆ ಕುಡಿಸಿದಿರಲ್ಲ ಎಂದು ಕಣ್ಣೀರು ಹಾಕಿದ್ದರು.

ಮಟಮಟ ಮಧ್ಯಾಹ್ನ. ಬಾಗಿಲು ತೆರೆದಿದೆ, ಎದುರುಮನೆಯ ಪಾರ್ವತಿಯ ಹೊಲಿಗೆ ಮಷೀನಿನ ಸದ್ದು ಕೇಳುತ್ತಿದೆ, ಬಿಸಿಲು ಪಡಸಾಲೆಯ ಅರ್ಧದವರೆಗೆ ಬಂದಿದೆ. ಹೆದರುವಂಥ ಹೊತ್ತೇ ಅಲ್ಲ. ಆ ಒದ್ದೆ ಕಲ್ಲನ್ನು ಒರೆಸೋಣ ಎಂದು ಬಟ್ಟೆ ಹಿಡಿದು ಮೊಣಕಾಲೂರಿದೆ. ಕೈ ಇಟ್ಟಾಗ ಅಡಿಯಿಂದ ಏನೋ ತಾಕಿದಂತಾಯಿತು. ಪಾರ್ವತಿಯ ಮಷೀನು ನಿಂತಿತು. ನಾನು ಬಗ್ಗಿ ಕಿವಿಯನ್ನು ಕಲ್ಲಿಗೆ ಹಚ್ಚಿದೆ.

ಟಪ್. ಆಮೇಲೆ ಜಾರಿದ ಸದ್ದು. ಮತ್ತೆ ಟಪ್.

ಇಲಿ ಎನ್ನಿ, ಕಲ್ಲು ಬಿಸಿಲಿಗೆ ಸಿಡಿದ ಸದ್ದು ಎನ್ನಿ, ನನ್ನ ಎದೆಯ ಬಡಿತ ಎನ್ನಿ. ಇವನ್ನೆಲ್ಲ ನಾನೂ ಆಮೇಲೆ ಅಂದುಕೊಂಡಿದ್ದೇನೆ. ಆದರೆ ಆ ಸದ್ದನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ, ಎಲ್ಲಿ ಕೇಳಿದ್ದೆ ಎಂಬುದು ಚೆನ್ನಾಗಿ ಗೊತ್ತಿತ್ತು. ನನಗೆ ಹೆದರಿಕೆ ಆಗಲಿಲ್ಲ, ನಾಚಿಕೆ ಆಯಿತು. ಕೂಸು ಕಳೆದುಕೊಂಡವರು ಬಂದು ಬಾಗಿಲು ಬಡಿದರೆ ಒಳಗೆ ಕೂತವರಿಗೆ ಆಗುವ ನಾಚಿಕೆ.

ಎದ್ದು ಒಳಗೆ ಹೋಗಿ ಅತ್ತೆಯ ಕಾಲ ಬಳಿ ಕೂತೆ. "ಅತ್ತೀ, ಅವತ್ತು ಸಮುದ್ರದ ದಂಡಿ ಮ್ಯಾಲ ನೀವು ಕೇಳಿದ್ರಲ್ಲ. ಅದು ಪಾಚಿ ಅಲ್ರಿ. ಮೀನಿನ ತತ್ತಿ. ಒಳಗ ಮರಿ ಆಗಿದ್ವು. ನನಗ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ತಪ್ಪು ನಂದರಿ, ನಿಮ್ಮದಲ್ಲ," ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು, ಮೀನು ಬಂದು ಕಲ್ಲಿಗೆ ಬಡಿದದ್ದನ್ನೂ ಹೇಳಿದೆ.

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಗೋಡೆಯ ಕಡೆಯಿಂದ ಇತ್ತ ತಿರುಗಿ, "ಈಗ ಹೋಗಿ ಕಲ್ಲು ಹೊಳ್ಳಿ ಹಾಕಿದ್ರ ಬದುಕ್ತಾವೇನು?" ಎಂದು ಕೇಳಿದರು. "ಇಲ್ರಿ. ಅವತ್ತು ಕೆರೆದಾಗಲೇ ಹೋಗ್ಯಾವ," ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.

"ನಾ ಕೇಳಿದ್ದೆ ನಿನಗ," ಎಂದರು. ಅಷ್ಟೇ. ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಗೋಡೆ ಹಿಡಿದು ಎದ್ದರು. ನಾನು ಕೈ ಕೊಡಲು ಹೋದೆ, ತಾವೇ ನಡೆದರು. ಸ್ನಾನ ಮಾಡಿ ಬಂದು, ಪಡಸಾಲೆಯ ಆ ಒದ್ದೆ ಕಲ್ಲಿನ ಮೇಲೆ, ಒಣಗಲಿ ಎಂದು ಕಾಯದೆ, ಏನನ್ನೂ ಹಾಸದೆ ಕೂತರು. ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಕೂತರೋ, ಸೀರೆಯ ಅಂಚೆಲ್ಲ ತೊಯ್ದು ಕಪ್ಪಾಗಿತ್ತು. ಎದ್ದು ಬಂದು ನಾನು ಬಡಿಸಿದ ಅನ್ನ ಉಂಡರು. ಅವರು ಕೂತಿದ್ದ ಕಲ್ಲು ಸಂಜೆಗೆ ಒಣಗಿತು. ಆಮೇಲೆ ಇಂದಿನವರೆಗೆ ಒಮ್ಮೆಯೂ ಬೆವರಿಲ್ಲ.

ಇದನ್ನು ಹೇಗೆ ಬಿಡಿಸಿ ಹೇಳಬೇಕೋ ನನಗೆ ತಿಳಿಯದು. ಸವುಳು ಎಂದರೆ ಅದು ಒಂದೇ ಕಲ್ಲಿಗೆ ಏಕೆ ಏರಿತು, ಅತ್ತೆ ಕೂತಲ್ಲಿಗೆ ಏಕೆ ಬಂತು? ಉಬ್ಬರದ ಹೊತ್ತಿಗೆ ಕೂಡಿಬಂದದ್ದು ಕಾಕತಾಳೀಯ ಎಂದರೆ, ಅಷ್ಟು ದಿನವೇ? ನಮ್ಮ ಕಲ್ಲು ಹಳೆಯ ಸಮುದ್ರ, ಅದಕ್ಕೆ ಹೊಸ ಸಮುದ್ರದ ಸುದ್ದಿ ಮುಟ್ಟಿತು ಎಂದು ಒಂದು ರಾತ್ರಿ ನಿದ್ದೆ ಬಾರದೆ ಅಂದುಕೊಂಡು, ಬೆಳಿಗ್ಗೆ ನನಗೇ ನಗು ಬಂತು. ಮನೆಯವರಿಗೆ ಎಲ್ಲ ಹೇಳಿದೆ. ಅವರು ಎರಡು ದಿನ ಮಂಕಾಗಿದ್ದರು. ಆಮೇಲಿಂದ ದಾರಿಯಲ್ಲಿ ಚಪ್ಪಟೆ ಕಲ್ಲು ಕಂಡರೆ ಕೈ ಚಾಚಿ, ಅರ್ಧಕ್ಕೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ನಾನು ಹುಡುಗರನ್ನು ಕಾಗಿಣಾ ದಂಡೆಗೆ ಒಯ್ದಾಗ, ಎತ್ತಿದ ಕಲ್ಲನ್ನು ಇದ್ದ ಹಾಗೆ ಇಡಿ ಎಂಬ ಮಾತನ್ನು ಈಗಲೂ ಹೇಳುತ್ತೇನೆ. ಹೇಳುವಾಗ ಯಾರ ಮುಖವನ್ನೂ ನೋಡುವುದಿಲ್ಲ.

ಅತ್ತೆ ಈಗ ಗಟ್ಟಿಯಾಗಿದ್ದಾರೆ. ಹೊತ್ತಿಗೆ ಸರಿಯಾಗಿ ಪೂಜೆ, ಹೊತ್ತಿಗೆ ಸರಿಯಾಗಿ ಊಟ. ನನ್ನ ಮೇಲೆ ಸಿಟ್ಟೂ ಇಲ್ಲ, ಮಾತೂ ಬಿಟ್ಟಿಲ್ಲ. ಬಿಸಿ ರೊಟ್ಟಿ ನನಗೇ ಮೊದಲು ತೆಗೆದಿಡುತ್ತಾರೆ, ಜ್ವರ ಬಂದರೆ ಹಣೆಗೆ ಪಟ್ಟಿ ಹಾಕುತ್ತಾರೆ. ಈಗ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಕೆಲವು ಹುಣ್ಣಿಮೆಗಳಂದು, ಅವರು ಪೂಜೆ ಮುಗಿಸಿ ಎದ್ದು ಹೋದ ಮೇಲೆ, ಆ ಕಲ್ಲಿನ ಮೇಲೆ ಅಂಗೈ ಊರಿ ನೋಡುತ್ತೇನೆ. ಒಂದು ಹನಿ ಇದ್ದರೂ ಸಾಕಿತ್ತು ಎನ್ನಿಸುತ್ತದೆ. ಒಣಗಿರುತ್ತದೆ.

ಮೊನ್ನೆ ಡಾಕ್ಟರು ಹೊಸ ಗುಳಿಗೆ ಬರೆದುಕೊಟ್ಟರು. ನಾನು ಪಡಸಾಲೆಯಲ್ಲೇ ಕೂತು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಅತ್ತೆ ಗುಳಿಗೆಯ ಪಟ್ಟಿ ಹಿಡಿದು ನನ್ನ ಮುಂದಿನಿಂದಲೇ ಹಾದು, "ಜರಾ ಕಾಲು ತೆಗಿಯವ್ವ," ಎಂದು ಮೆತ್ತಗೆ ಹೇಳಿ, ಹೊಸ್ತಿಲು ದಾಟಿ ಎದುರುಮನೆಗೆ ಹೋದರು. ಪಾರ್ವತಿ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ.

"ಪಾರ್ವತೀ," ಎಂದು ಅತ್ತೆ ಕೇಳುವುದು ನನಗೆ ಕೇಳಿಸಿತು, "ಇದು ಉಣ್ಣಾಕಿಂತ ಮೊದಲೋ, ಆಮ್ಯಾಲೋ? ಸರಿಯಾಗಿ ನೋಡಿ ಹೇಳವ್ವ."